ಊಟದ ಮೇಜಿನ ಅಭಿಪ್ರಾಯ

ಹರಿಣಿ ಬಂದಾಗ ಅನಸೂಯಾ ಅವರು ಧಾರಾವಾಹಿ ನೋಡುತ್ತಿದ್ದರು. ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸುವ ಧೈರ್ಯ ನಮ್ಮ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ. ಆದರೆ ಹುಡುಗಿಯ ಮುಖ ನೋಡಿದ್ದೇ ಅವರು ಟೀವಿ ಆರಿಸಿದರು.

“ಕೂಡು ಮೊದಲ. ಏನಾತು?”

“ಆಂಟಿ, ಸೋಮವಾರ ನನ್ನ ಕಥೆ ಮುಗಿಯುತ್ತೆ. ಸಿನಿಮಾ ಸೋರಿಸಿದ್ದು ನಾನೇ ಅಂತ ಪ್ರಕಟಣೆ ಕೊಡ್ತಾರಂತೆ.”

ಅನಸೂಯಾ ಅವರು ಧಾರವಾಡದವರು. ಬ್ಯಾಂಕಿನ ತಪಾಸಣಾ ವಿಭಾಗದಲ್ಲಿದ್ದು, ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು, ನಿವೃತ್ತಿಯ ನಂತರ ಎಂ.ವಿ.ಪಿ. ಕಾಲೊನಿಯಲ್ಲೇ ಉಳಿದರು. ಅವರ ಮೇಲಿನ ಮನೆ ನನ್ನದು. ನಾನು ಪತ್ರಿಕೆಯ ಸುದ್ದಿಮನೆಯಲ್ಲಿ ದುಡಿದವನು. ಕಾಲೊನಿಯಲ್ಲಿ ಏನೇ ಕಳೆದರೂ, ಯಾರಿಗೇ ಮೋಸವಾದರೂ ಜನ ಅವರ ಬಾಗಿಲು ತಟ್ಟುತ್ತಿದ್ದರು. ಅವರು ಹೊರಟಾಗ ಜೊತೆಗೆ ಹೋಗುವುದು ನನ್ನ ಅಭ್ಯಾಸವಾಗಿತ್ತು.

ಹರಿಣಿ ಎದುರು ಬೀದಿಯ ಕನ್ನಡಿಗ ಬ್ಯಾಂಕ್ ಅಧಿಕಾರಿಯ ಮಗಳು. ಹುಟ್ಟಿದ್ದು ಇಲ್ಲೇ. ಮೊಬೈಲಿನಲ್ಲಿ ಕೇಳುವಂಥ ಒಂದು ತೆಲುಗು ಮಾತಿನ ಕಾರ್ಯಕ್ರಮ ನಡೆಸುತ್ತಿದ್ದಳು. ಸಿನಿಮಾ, ಹಾಡು, ಧಾರಾವಾಹಿ, ಯಾವುದರ ಬಗ್ಗೆಯಾದರೂ ತೋಚಿದ್ದನ್ನು ಹೇಳುವುದು, ಅಷ್ಟೇ. “ನಾನು ವಿಮರ್ಶಕಿ ಅಲ್ಲ, ಬರೀ ಅಭಿಮಾನಿ” ಎಂದೇ ಪ್ರತಿ ಸಲ ಶುರು ಮಾಡುತ್ತಿದ್ದಳು. ಅದನ್ನು ಕೇಳಿ ಮೆಚ್ಚಿದ ಊರಿನ ಒಂದು ರೇಡಿಯೊ ಕೇಂದ್ರ ಅವಳನ್ನು ಬೆಳಗಿನ ಕಾರ್ಯಕ್ರಮದ ನಿರೂಪಕಿಯಾಗಿ ಆರಿಸಿತ್ತು. ಕೆಲಸಕ್ಕೆ ಸೇರುವುದಷ್ಟೇ ಬಾಕಿ.

“ಪ್ರಕಟಣೆ ಬಂದ್ರೆ ರೇಡಿಯೊದವರು ನನ್ನ ಒಳಗೆ ಬಿಡಲ್ಲ ಆಂಟಿ. ಮಾತು ಉಳಿಸಿಕೊಳ್ಳದವಳಿಗೆ ಮೈಕ್ ಯಾರು ಕೊಡ್ತಾರೆ?”

ನಡೆದದ್ದು ಇಷ್ಟು. ಸಮರವರ್ಧನ್ ನಾಯಕನಾಗಿರುವ ‘ಏಡೋ ಲಂಗರು’, ಅಂದರೆ ಏಳನೆಯ ಲಂಗರು, ಎಂಬ ಚಿತ್ರ ಬಿಡುಗಡೆಗೆ ಸಿದ್ಧವಾಗಿತ್ತು. ಅದರ ಹಂಚಿಕೆದಾರ ರಾಮಮೋಹನ್ ಅವರು ವಿಜಯವಾಡದ ಗಾಂಧಿನಗರದಲ್ಲಿರುವ ತಮ್ಮ ಪುಟ್ಟ ಪ್ರಿವ್ಯೂ ಥಿಯೇಟರಿನಲ್ಲಿ ಮೂವರಿಗೆ ಚಿತ್ರ ತೋರಿಸಿದ್ದರು. ಹರಿಣಿ ಒಬ್ಬಳು. ಯೂಟ್ಯೂಬಿನಲ್ಲಿ ವಿಮರ್ಶೆ ಮಾಡುವ ವಿಜಯವಾಡದ ಶಶಾಂಕ್ ಇನ್ನೊಬ್ಬ. ಮೂರನೆಯವನು ವಿಶಾಖಪಟ್ಟಣದ ಸಮರವರ್ಧನ್ ಅಭಿಮಾನಿ ಸಂಘದ ಅಧ್ಯಕ್ಷ ಫಣೀಂದ್ರ. ಪ್ರಚಾರ ನೋಡಿಕೊಳ್ಳುವ ಹಿಮಬಿಂದು ಎಲ್ಲರ ಮೊಬೈಲನ್ನೂ ಬಾಗಿಲಲ್ಲೇ ತೆಗೆದಿರಿಸಿಕೊಂಡಿದ್ದಳು. ಕ್ಲೈಮ್ಯಾಕ್ಸ್ ಬಗ್ಗೆ ಬಿಡುಗಡೆಯವರೆಗೆ ತುಟಿ ಬಿಚ್ಚುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದಳು. ಚಿತ್ರ ಮುಗಿದ ಮೇಲೆ ರಾಮಮೋಹನ್, ಹಿಮಬಿಂದು ಸೇರಿ ಐವರೂ ಪಕ್ಕದ ಹೋಟೆಲಿನಲ್ಲಿ ಊಟ ಮಾಡಿದ್ದರು. ಮರುದಿನ ಅಭಿಮಾನಿಗಳ ಪುಟವೊಂದರಲ್ಲಿ ಹೆಸರಿಲ್ಲದ ಬರಹ ಬಂತು.

ಹರಿಣಿ ಮೊಬೈಲ್ ಚಾಚಿದಳು. ನಾನು ಓದಿದೆ.

“ಎರಡನೇ ಹಾಡು ಬೇಕೇ ಇರಲಿಲ್ಲ. ಅಣ್ಣನ ಪಾತ್ರದವನು ಎಲ್ಲರನ್ನೂ ಮೀರಿಸಿದ್ದಾನೆ. ನಾಯಕಿಗೆ ದನಿ ಕೊಟ್ಟವಳಿಗೆ ನೆಗಡಿ ಇರಬೇಕು. ಕೊನೆಗೆ ದೋಣಿಯಲ್ಲಿ ಅಣ್ಣನೇ ಬಂದೂಕು ಎತ್ತಿ ಸಮರವರ್ಧನ್‌ನನ್ನು ಮುಗಿಸುತ್ತಾನೆ. ಅಲ್ಲಿಗೆ ಕಥೆ ಖಲಾಸ್. ಅಭಿಮಾನಿಗಳು ಇದನ್ನು ಒಪ್ಪುತ್ತಾರಾ? ಬಿಡುಗಡೆಗೆ ಮುಂಚೆ ಕ್ಲೈಮ್ಯಾಕ್ಸ್ ಬದಲಾಗಲೇಬೇಕು.”

“ಮೊದಲ ಮೂರೂ ನನ್ನ ಮಾತೇ” ಎಂದಳು ಹರಿಣಿ. “ಊಟದಲ್ಲಿ ಹೇಳಿದ್ದೆ. ನೆಗಡಿ ಜೋಕೂ ನಂದೇ. ಅದಕ್ಕೇ ರಾಮಮೋಹನ್ ಗಾರು, ಬರೆದವಳೂ ನೀನೇ ಅಂತಾರೆ.”

“ಊಟದಾಗ ಕ್ಲೈಮ್ಯಾಕ್ಸ್ ಮಾತು ಬಂತೇನು?”

“ಇಲ್ಲ ಆಂಟಿ. ಆ ಹೋಟೆಲ್ ತುಂಬ ಸಿನಿಮಾದವರೇ. ಹಿಮಬಿಂದು ಮೊದಲೇ ಬಾಯಿ ಮುಚ್ಚಿಸಿದ್ಲು.”

“ಇದರಾಗ ಬರೆದ ಕ್ಲೈಮ್ಯಾಕ್ಸ್ ಖರೇ ಅದ ಏನು?”

ಹರಿಣಿ ತಲೆ ತಗ್ಗಿಸಿದಳು. “ಹೇಳಲ್ಲ ಆಂಟಿ. ಮಾತು ಕೊಟ್ಟಿದ್ದೀನಿ.”

“ಕೆಲಸ ಹೋಗೋ ಹೊತ್ತಲ್ಲೂ?” ಎಂದೆ ನಾನು.

“ಹೌದು ಅಂಕಲ್. ಇದರಲ್ಲಿರೋದು ಸುಳ್ಳಲ್ಲ. ಆದರೆ ಪೂರ್ತಿ ಅಲ್ಲ. ಇಷ್ಟೇ ಹೇಳ್ತೀನಿ, ಮತ್ತೆ ಕೇಳಬೇಡಿ.”

ಅನಸೂಯಾ ಅವರ ಮುಖದಲ್ಲಿ ಸಣ್ಣ ನಗು ಕಂಡಿತು. “ಅಷ್ಟ ಸಾಕವ್ವ. ಹೋಗಿ ಊಟ ಮಾಡು.”

ಭಾನುವಾರ ನಾವು ಜಗದಾಂಬ ಜಂಕ್ಷನ್ ಬಳಿಯ ಫಣೀಂದ್ರನ ಅಂಗಡಿಗೆ ಹೋದೆವು. ಫ್ಲೆಕ್ಸ್ ಬ್ಯಾನರ್ ಅಚ್ಚು ಹಾಕುವ ಅಂಗಡಿ. ಒಳಗೆ ಶಾಯಿಯ ಘಾಟು. ಫಣಿ ಬರಿಗಾಲಿನಲ್ಲಿದ್ದ. ಅವನ ತಾಯಿ ಬಳ್ಳಾರಿಯವರಾದ್ದರಿಂದ ಕನ್ನಡ ಬರುತ್ತಿತ್ತು.

“ಕಾಲಿಗೇನಾಗ್ಯದಪ್ಪ?” ಎಂದು ಅನಸೂಯಾ ಅವರು ಕೇಳಿದರು.

“ಏನಿಲ್ಲಮ್ಮ. ಸಮರವರ್ಧನ್ ಬಾಬು ಸಿನಿಮಾ ಬರೋವರೆಗೂ ಚಪ್ಪಲಿ ಹಾಕಲ್ಲ. ಬಿಡುಗಡೆ ದಿನ ಸಿಂಹಾಚಲಂ ಮೆಟ್ಟಿಲು ಹತ್ತಿ ಸ್ವಾಮಿಗೆ ಕೈ ಮುಗಿದು, ಆಮೇಲೇ ಥಿಯೇಟರ್.”

“ಹಂಗಾದ್ರ ಈ ಸಲ ಮೊದಲೇ ನೋಡಿಬಿಟ್ಟಿರಲ್ಲ!”

“ಅಧ್ಯಕ್ಷ ಅಂತ ಕರೆದಾಗ ಬರಲ್ಲ ಅನ್ನೋಕಾಗುತ್ತಾ? ತಿರುಪತಿ ಲಡ್ಡು ಬೇಡ ಅಂದಂಗೆ.”

ಗೋಡೆಯ ಮೇಲೆ ಸಮರವರ್ಧನ್ ಚಿತ್ರಗಳ ಪೋಸ್ಟರುಗಳು ಬಿಡುಗಡೆಯ ಕ್ರಮದಲ್ಲಿದ್ದವು. ಅನಸೂಯಾ ಅವರು ಪ್ರದರ್ಶನಕ್ಕೆ ಬಂದವರಂತೆ ಒಂದೊಂದನ್ನೂ ನೋಡುತ್ತ ಹೋಗಿ ಒಂದು ಕಡೆ ನಿಂತರು.

“ಇಲ್ಲಿ ಒಂದು ಬಿಟ್ಟೀರಿ. ಲೈಟ್‌ಹೌಸ್ ಸಿನಿಮಾ. ಅದರಾಗ ಅವರ ಆ್ಯಕ್ಟಿಂಗ್ ಚಲೋ ಇತ್ತಲ್ಲ? ಆಸ್ಪತ್ರ್ಯಾಗ ಸಾಯೋದು?”

ಫಣಿಯ ನಗು ಮಾಯವಾಯಿತು. “ಅದನ್ನ ನಾವು ಬಾಬು ಸಿನಿಮಾ ಅಂತ ಲೆಕ್ಕಕ್ಕೆ ಹಿಡಿಯಲ್ಲಮ್ಮ.”

“ಹೋಗ್ಲಿ ಬಿಡ್ರಿ. ಹೊಸದು ಹ್ಯಾಂಗದ? ಕಥಿ ಕೇಳಾಕತ್ತಿಲ್ಲ, ಬರೇ ಅಭಿಪ್ರಾಯ.”

“ಬಾಬು ಸೂಪರ್. ಬಾಬು ಫೈಟ್ ಸೂಪರ್. ಆದರೆ ಹೆಂಗಸರು, ಮಕ್ಕಳು ಅಳ್ತಾ ಮನೆಗೆ ಹೋಗ್ತಾರೆ. ಆಮೇಲೆ ಫ್ಯಾಮಿಲಿ ಯಾರು ಬರ್ತಾರಮ್ಮ?”

ಹೊರಗೆ ಬಂದ ಮೇಲೆ ನಾನು ಹೇಳಿದೆ, “ಇವನಲ್ಲ. ಅಣ್ಣನ ಪಾತ್ರದವನು ಎಲ್ಲರನ್ನೂ ಮೀರಿಸಿದ ಅಂತ ಬರೆಯೋಕೆ ಇವನಿಗೆ ಕೈ ಬರೋದಿಲ್ಲ.”

“ಬರಂಗಿಲ್ಲ, ಅದು ಖರೇ” ಎಂದರು ಅನಸೂಯಾ.

ಸೋಮವಾರ ರಾಮಮೋಹನ್ ಎಲ್ಲರನ್ನೂ ವಿಚಾರಣೆಗೆ ಕರೆದಿದ್ದರು. ಹರಿಣಿಯೊಂದಿಗೆ ನಾವೂ ರೈಲು ಹತ್ತಿದೆವು. ವಿಜಯವಾಡ ನಿಲ್ದಾಣದಲ್ಲಿ ಶಶಾಂಕ್ ಎದುರುಗೊಂಡ. ಅವನ ತಂದೆ ಕರ್ನಾಟಕದಿಂದ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತ. ಮನೆ ಒನ್ ಟೌನ್ ಬಡಾವಣೆಯಲ್ಲಿ. ಹರಿಣಿಯನ್ನು ಕಂಡದ್ದೇ, “ಏನಮ್ಮ ಅಭಿಮಾನಿ, ನಿನ್ನ ನೆಗಡಿ ಜೋಕ್ ಇಡೀ ಆಂಧ್ರಕ್ಕೆ ಹರಡಿದೆ” ಎಂದ.

“ನಿನ್ನ ವಿಮರ್ಶೆಗಿಂತ ಬೇಗ ಹರಡಿತು ಅಂತ ಹೊಟ್ಟೆಯುರೀನಾ?” ಎಂದಳು ಅವಳು.

ಅನಸೂಯಾ ಅವರು ಅವನಿಗೂ ಸಿನಿಮಾ ಹೇಗಿದೆ ಎಂಬ ಅದೇ ಪ್ರಶ್ನೆ ಹಾಕಿದರು. ಶಶಾಂಕ್ ಗೊಣಗಿದ. “ಚೆನ್ನಾಗಿದೆ ಮೇಡಂ. ಆದ್ರೆ ಈಗ ಎಲ್ಲರಿಗೂ ಎರಡನೇ ಭಾಗದ ಚಟ. ಒಂದು ಕಥೆ ಒಂದೇ ಸಿನಿಮಾದಲ್ಲಿ ಮುಗಿಸೋಕೆ ಏನು ರೋಗ?”

ಕಚೇರಿಯಲ್ಲಿ ಹಿಮಬಿಂದು ಕಣ್ಣು ಕೆಂಪಗೆ ಮಾಡಿಕೊಂಡು ಕುಳಿತಿದ್ದಳು. “ನಾನು ಹೈದರಾಬಾದಿನಲ್ಲೇ ಎರಡು ಸಲ ನೋಡಿದ್ದೆ. ಕೊನೆಯ ಭಾಗದಲ್ಲಿ ಊಟದ ಮೇಜು ಹಿಡಿಯೋಕೆ ಮೊದಲೇ ಹೋಟೆಲಿಗೆ ಹೋದೆ” ಎಂದಳು. ಥಿಯೇಟರಿನಲ್ಲಿ ಯಾರು ಎಲ್ಲಿ ಕುಳಿತಿದ್ದರು ಎಂದು ಅನಸೂಯಾ ಅವರು ಕೇಳಿದರು. ರಾಮಮೋಹನ್, ಹರಿಣಿ, ಶಶಾಂಕ್ ಮುಂದಿನ ಸಾಲಿನಲ್ಲಿ, ಫಣಿ ಒಬ್ಬನೇ ಹಿಂದೆ, ಬಾಗಿಲ ಪಕ್ಕದಲ್ಲಿ.

ಮುಂದಿನ ಮಾತುಕತೆ ಹೆಚ್ಚಾಗಿ ತೆಲುಗಿನಲ್ಲಿ ನಡೆಯಿತು. ಅನಸೂಯಾ ಅವರ ತೆಲುಗಿನಲ್ಲೂ ಧಾರವಾಡ ಇಣುಕುತ್ತಿದ್ದುದರಿಂದ ಅವರ ಮಾತನ್ನು ಹಾಗೆಯೇ ಬರೆದಿದ್ದೇನೆ.

ರಾಮಮೋಹನ್ ಅವರ ಮುಂದೆ ಪ್ರಕಟಣೆ ಸಿದ್ಧವಾಗಿತ್ತು. “ಅಮ್ಮಾ, ಮಾತು ಇವಳದೇ ಅಂತ ಇವಳೇ ಒಪ್ಪಿದ್ದಾಳೆ. ಇನ್ನೇನು ಬೇಕು?”

“ಆ ಥಿಯೇಟರಿನಾಗ ಕೊನೇ ಭಾಗ ಒಮ್ಮೆ ಹಾಕ್ರಿ. ಎಲ್ಲಾರೂ ಅವತ್ತ ಕೂತಲ್ಲೇ ಕೂಡ್ಲಿ.”

“ನಿಮಗೂ ತೋರಿಸಬೇಕಾ?”

“ಆಂಟಿ, ನಿಮಗೆ ಸಸ್ಪೆನ್ಸ್ ಹಾಳಾಗುತ್ತೆ” ಎಂದು ಹರಿಣಿ ಆ ಸ್ಥಿತಿಯಲ್ಲೂ ಎಚ್ಚರಿಸಿದಳು.

“ನಾ ಪರದೆ ನೋಡಂಗಿಲ್ಲವ್ವ.”

ಹಾಗೆಯೇ ಮಾಡಿದರು. ಅನಸೂಯಾ ಅವರು ಫಣಿಯ ಪಕ್ಕದಲ್ಲಿ ಕುಳಿತು ಅವನ ಕಡೆಗೇ ತಿರುಗಿದ್ದರು. ನಾನು ಅವರ ಆಚೆ ಇದ್ದೆ. ಪರದೆಯ ಮೇಲೆ ಸಮುದ್ರ, ದೋಣಿ, ಎದುರುಬದುರು ಅಣ್ಣ ತಮ್ಮ. ಅಣ್ಣನ ಕೈ ಬಂದೂಕಿನತ್ತ ಹೋಯಿತು. ಫಣಿ ಎದ್ದು ನಿಂತ. ಯೋಚಿಸಿ ಎದ್ದಂತಿರಲಿಲ್ಲ. ಬಿಸಿ ಪಾತ್ರೆ ಮುಟ್ಟಿದ ಕೈ ಹಿಂದೆ ಬರುವ ಹಾಗೆ ಎದ್ದಿದ್ದ.

ಅನಸೂಯಾ ಅವರು ಅವನ ಮಣಿಕಟ್ಟು ಹಿಡಿದರು. “ಕೂಡ್ರಿ ಫಣಿ.”

“ಬೇಡಮ್ಮ. ನಾನು ನೋಡಲ್ಲ.”

“ಗೊತ್ತದ. ಇದೊಂದ ಸಲ ಕೂಡ್ರಿ.”

ಅವನು ಕುಳಿತ. ಕಣ್ಣು ಬಿಗಿಯಾಗಿ ಮುಚ್ಚಿದ. ಗುಂಡಿನ ಸದ್ದಿಗೆ ಅವನ ಮೈ ನಡುಗಿತು. ನಾಯಕ ನೀರಿಗೆ ಬಿದ್ದ. ಪರದೆ ಕಪ್ಪಾಗಿ, ವಾದ್ಯ ನಿಂತು, ಹೆಸರುಗಳು ಮೇಲೇರತೊಡಗಿದವು. ಸ್ವಲ್ಪ ಹೊತ್ತಿಗೆ ಹೆಸರುಗಳು ಸರಿದು ಒಂದು ಬೆಳಗಿನ ತೀರ ಕಾಣಿಸಿತು.

“ಈಗ ಕಣ್ಣ ತೆರೀರಿ.”

ಮರಳಿನ ಮೇಲೆ ಬಿದ್ದಿದ್ದ ಸಮರವರ್ಧನ್ ಕೆಮ್ಮಿದ, ಮೊಣಕೈ ಊರಿ ಎದ್ದ, ಸಮುದ್ರದ ಕಡೆ ನೋಡಿ ನಕ್ಕ.

ಫಣಿ ಬಾಯಲ್ಲಿ ಬೆರಳಿಟ್ಟು ಶಿಳ್ಳೆ ಹೊಡೆದ. ಆ ಪುಟ್ಟ ಕೋಣೆ ಕಿವುಡಾಗುವಂಥ ಶಿಳ್ಳೆ. ಆಮೇಲೆ ಮುಂದಿನ ಸೀಟಿಗೆ ತಲೆಯಿಟ್ಟು ಅಳತೊಡಗಿದ. ದೀಪ ಹೊತ್ತಿತು. ಮುಂದಿನ ಸಾಲಿನ ಮೂವರೂ ತಿರುಗಿ ನೋಡುತ್ತಿದ್ದರು. ಬಾಗಿಲಲ್ಲಿದ್ದ ಹಿಮಬಿಂದು ಬಾಯಿಗೆ ಕೈಯಿಟ್ಟುಕೊಂಡಿದ್ದಳು.

“ನಿಮ್ಮ ಬರಹಗಾರ ಇವರೇ” ಎಂದರು ಅನಸೂಯಾ. “ಹರಿಣಿ ಮಾತು ಊಟದ ಮೇಜಿನ ಮ್ಯಾಲೆ ಬಂದಾವು. ಅಂದ್ರ ಬರೆದವರು ಆ ಐದು ಮಂದ್ಯಾಗ ಒಬ್ಬರು. ಬರಹ ಸುಳ್ಳಲ್ಲ, ಆದರ ಪೂರ್ತಿ ಅಲ್ಲ ಅಂತ ಹರಿಣಿ ಹೇಳಿದ್ಲು. ಕಥಿ ಖಲಾಸ್ ಅಂತ ಬರೆದಾರಲ್ಲ, ಬಂದೂಕಿನ ಆಚೆ ಏನದ ಅಂತ ಬರೆದವರಿಗೆ ಗೊತ್ತೇ ಇರಲಿಲ್ಲ ಅಂತ ನನಗನಿಸ್ತು.”

“ಕೊನೆಯದನ್ನ ಇವಳು ಬೇಕಂತಲೇ ಮುಚ್ಚಿಟ್ಟಿದ್ದಾಳೆ ಅಂದ್ಕೊಂಡೆ ನಾನು” ಎಂದರು ರಾಮಮೋಹನ್.

“ಹೀರೊ ಸತ್ತಾನಂತ ಸಿಟ್ಟಾಗಿ ಬದಲು ಮಾಡ್ರಿ ಅನ್ನೋರು, ಬದುಕ್ಯಾನಂತ ಗೊತ್ತಿದ್ದರ ಯಾಕ ಸಿಟ್ಟಾಗ್ತಾರ? ಹಿಮಬಿಂದು ಮೊದಲೇ ನೋಡ್ಯಾಳ. ಶಶಾಂಕ್‌ಗ ಎರಡನೇ ಭಾಗದ ಮ್ಯಾಲೆ ಸಿಟ್ಟದ. ಹೀರೊ ಬದುಕಿದ್ದು ನೋಡದಿದ್ದರ ಆ ಸಿಟ್ಟು ಬರಂಗಿಲ್ಲ. ಸಿನಿಮಾ ನಿಮ್ಮದು, ನಿಮಗ ಗೊತ್ತದ. ಫಣಿ ಒಬ್ಬರೇ, ಜನ ಅಳ್ತಾ ಹೋಗ್ತಾರ ಅಂದ್ರು. ಆ ಮರಳಿನ ಮ್ಯಾಲಿನ ನಗು ನೋಡಿದವರು ಹಂಗ ಅನ್ನಂಗಿಲ್ಲ.”

“ಆದರೆ ಅಲ್ಲೇ ಕೂತಿದ್ದನಲ್ಲ?” ಎಂದ ಶಶಾಂಕ್.

“ಬಾಗಿಲ ಪಕ್ಕ ಕೂತಿದ್ರು. ನೀವು ಹಿಂದ ತಿರುಗಿ ನೋಡಿಲ್ಲ. ಇವರ ಅಂಗಡ್ಯಾಗ ಎಲ್ಲಾ ಪೋಸ್ಟರ್ ಅದಾವು, ಹೀರೊ ಸಾಯೋ ಸಿನಿಮಾದ್ದು ಮಾತ್ರ ಇಲ್ಲ. ದೇವರ ಸಾವು ಭಕ್ತ ಹ್ಯಾಂಗ ನೋಡ್ತಾನ? ಬಂದೂಕು ಎತ್ತಿದ ಕೂಡಲೇ ಎದ್ದು ಹೋಗ್ಯಾರ. ಅದು ಹೌದೋ ಅಲ್ಲೋ ಅಂತ ನೋಡಲಿಕ್ಕೇ ಈಗ ಸಿನಿಮಾ ಹಾಕಿಸಿದ್ದು.”

ನಾನು ತಡೆಯಲಾರದೆ ಕೇಳಿದೆ, “ಮತ್ತೆ ಆ ಟೀಕೆಗಳು? ಅವನಿಗೆ ಕೈ ಬರೋದಿಲ್ಲ ಅಂತ ನೀವೂ ಒಪ್ಪಿದ್ದಿರಿ.”

“ಅದಕ್ಕೇ ಹರಿಣಿ ಮಾತು ಸಾಲ ತಗೊಂಡಾರ. ವಿಮರ್ಶಕರು ಬರೆದಂಗ ಕಾಣಬೇಕಿತ್ತು. ಇವರ ಹತ್ರ ಸೂಪರ್ ಬಿಟ್ಟರ ಬ್ಯಾರೆ ಅಭಿಪ್ರಾಯ ಇಲ್ಲ.”

ಫಣಿ ತಲೆ ಎತ್ತಿದ. “ಆ ಹೊತ್ತು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ ಸಾರ್. ಅಭಿಮಾನಿಗಳು ಗಲಾಟೆ ಮಾಡಿದ್ರೆ ಕ್ಲೈಮ್ಯಾಕ್ಸ್ ಬದಲಾಗುತ್ತೆ, ಬಾಬು ಬದುಕ್ತಾರೆ ಅಂದ್ಕೊಂಡೆ.” ಹರಿಣಿಯ ಕಡೆ ತಿರುಗಿದ. “ನಿಮ್ಮ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ ತಂಗಿ. ಬಂದ ಮೇಲೆ ಒಪ್ಪಿಕೊಳ್ಳೋ ಧೈರ್ಯ ಬರಲಿಲ್ಲ.”

“ನನ್ನ ಜೋಕನ್ನಾದರೂ ಬಿಡಬೇಕಿತ್ತು ಫಣಿ ಅಣ್ಣಾ” ಎಂದಳು ಹರಿಣಿ.

ರಾಮಮೋಹನ್ ಪ್ರಕಟಣೆಯನ್ನು ಹರಿದರು. ಹಿಮಬಿಂದುವಿಗೆ ಆಗಲೇ ರೇಡಿಯೊ ಕೇಂದ್ರಕ್ಕೆ ಫೋನ್ ಮಾಡಿ, ಹರಿಣಿಯ ತಪ್ಪಿಲ್ಲ ಎಂದು ತಿಳಿಸಲು ಹೇಳಿದರು. ಆಮೇಲೆ ಫಣಿಯ ಮುಂದೆ ನಿಂತರು. “ನೀನೇ ಬರೆದದ್ದು ಅಂತ ಅದೇ ಪುಟದಲ್ಲಿ, ನಿನ್ನ ಹೆಸರಿನಲ್ಲಿ ಹಾಕು. ಈಗಲೇ.”

“ಹಾಕ್ತೀನಿ ಸಾರ್. ನಾನು ತಪ್ಪು ತಿಳ್ಕೊಂಡೆ, ಬಾಬು ಬದುಕಿದ್ದಾರೆ ಅಂತ...”

“ಅಯ್ಯೋ, ಅದನ್ನ ಬರೆಯೋ ಹಾಗಿಲ್ಲ!” ಎಂದು ಹರಿಣಿ, ಶಶಾಂಕ್, ಹಿಮಬಿಂದು ಒಟ್ಟಿಗೇ ಕೂಗಿದರು.

ಫಣಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಪ್ಪು ಒಪ್ಪಿಕೊಳ್ಳಬೇಕು, ಕಾರಣ ಹೇಳುವಂತಿಲ್ಲ. ಸಿನಿಮಾ ಸೋರಿಸಿದ ಅಧ್ಯಕ್ಷ ಎಂದು ಬಿಡುಗಡೆಯವರೆಗೆ ತನ್ನ ಸಂಘದವರೇ ಬೈಯುವುದನ್ನು ಕೇಳಿಸಿಕೊಂಡು ಸುಮ್ಮನಿರಬೇಕು.

“ನಮ್ಮ ಹುಡುಗರಿಗೂ ಹೇಳಬಾರದಾ?”

“ಯಾರಿಗೂ ಹೇಳಬಾರದು” ಎಂದಳು ಹರಿಣಿ.

ಅವನು ಮೊಬೈಲ್ ತೆಗೆದು ನಿಧಾನವಾಗಿ ಬರೆದ. ಬರೆದದ್ದನ್ನು ಅವಳಿಗೆ ತೋರಿಸಿದ. ಅವಳು ಓದಿ ತಲೆಯಾಡಿಸಿದಳು. ಅವನು ಕಳಿಸಿದ. ಮೊದಲ ಕರೆ ಬರಲು ತಡವಾಗಲಿಲ್ಲ. ಆ ಕಡೆಯ ಬೈಗುಳ ನನಗೂ ಕೇಳಿಸುತ್ತಿತ್ತು. ಫಣಿ ಒಂದಕ್ಕೂ ಎದುರಾಡಲಿಲ್ಲ. ಖಾಲಿ ಪರದೆಯ ಕಡೆ ನೋಡುತ್ತ, “ಹೌದು, ನಾನೇ. ಹೌದು, ನನ್ನದೇ ತಪ್ಪು” ಎನ್ನುತ್ತಿದ್ದ. ಅವನ ಮುಖದಲ್ಲಿ ಅರಳುತ್ತಿದ್ದ ನಗುವನ್ನು ಆ ಕಡೆಯವರು ಕಾಣುವಂತಿರಲಿಲ್ಲ.