ತಮಾಷೆ ಎಂದು ಮುಚ್ಚಿದ ಸಂದೇಶ

ದಿನಾಂಕ ಹದಿನಾಲ್ಕು, ಬೆಳಿಗ್ಗೆ 10.20. ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಠಾಣೆಗೆ ಬಂದು ದೂರು ಕೊಟ್ಟಳು. ನಾಲ್ಕು ದಿನದ ಹಿಂದೆ ಅವಳ ತಂಗಿಯನ್ನು ಗಂಡನೇ ಇರಿದು ಕೊಂದಿದ್ದ. ಅವನು ಆಗಲೇ ಜೈಲು ಸೇರಿದ್ದ. ಈ ದೂರು ಅವನ ಮೇಲಲ್ಲ.

“ಹಿಂದಿನ ದಿನಾನೇ ‘ನಾಳೆ ನಿನ್ನ ಮುಗಿಸ್ತೀನಿ’ ಅಂತ ಮೆಸೇಜ್ ಹಾಕಿದ್ದ ಸರ್. ಇವಳು ಆ ಆ್ಯಪ್‌ನೋರಿಗೆ ದೂರು ಕೊಟ್ಲು. ನಮ್ಮನೆಗೆ ಬಾರೇ ಅಂದ್ರೆ, ‘ಅವರು ಠಾಣೆಗೆ ಹೇಳಿರ್ತಾರಕ್ಕ, ಪೊಲೀಸ್ರು ಬರ್ತಾರೆ’ ಅಂತ ಅಲ್ಲೇ ಕೂತ್ಲು.”

ಅಪರಾಧದ ಗುಮಾನಿ ಬಂದರೆ ಆ್ಯಪ್ ಕಂಪನಿ ಗಂಟೆಯೊಳಗೆ ಠಾಣೆಗೆ ವರದಿ ಕಳಿಸಬೇಕು, ಮುಚ್ಚಿಟ್ಟವರಿಗೆ ಸಜೆ. ಹೊಸ ಕಾನೂನು. ಎಫ್‌ಐಆರ್ ದಾಖಲಾಯಿತು. ಠಾಣೆಯ ರೈಟರ್ ಆ ತಿಂಗಳ ಎರಡು ಸಾವಿರ ಚಿಲ್ಲರೆ ವರದಿಗಳನ್ನು ಜಾಲಾಡಿದ. ‘ಮನೆಗೆ ಬಾ, ಚರ್ಮ ಸುಲೀತೀನಿ’ ಎಂದ ತಾಯಂದಿರದೇ ಅರ್ಧ. ಕೊಲೆಗಾರನದು ಮಾತ್ರ ಇರಲಿಲ್ಲ.

ಮಧ್ಯಾಹ್ನ 2.15ಕ್ಕೆ ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲ್ ಜೊತೆ ಕಂಪನಿಗೆ ಹೋದ. ಉದ್ದನೆಯ ಹಾಲು, ಸಾಲು ಕಂಪ್ಯೂಟರು, ಯಾರು ಎಷ್ಟು ಹೊತ್ತು ಎದ್ದು ಹೋದರೆಂದು ತೋರಿಸುವ ಬೋರ್ಡು. ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ದಾಖಲೆಯಲ್ಲಿ ಹೀಗಿತ್ತು: ಒಂಬತ್ತನೇ ತಾರೀಖು ಸಂಜೆ 4.07ಕ್ಕೆ ಸಂದೇಶ ತೆರೆಯಲಾಗಿದೆ. 4.07ಕ್ಕೇ ‘ತಮಾಷೆ’ ಎಂದು ಮುಚ್ಚಲಾಗಿದೆ. ಮುಚ್ಚಿದ್ದು ದೂರು ಬಂದ ಸಂದೇಶಗಳನ್ನು ಓದುವ ಹದಿನೇಳನೇ ಮೇಜಿನ ಪರಿಶೀಲಕಿ.

“ಅವಳದೇ ತಪ್ಪು ಸರ್,” ಎಂದು ಮ್ಯಾನೇಜರ್ ಕೈ ತೊಳೆದುಕೊಂಡ. ಅಂಥವರ ಕೈ ಯಾವಾಗಲೂ ಸ್ವಚ್ಛ.

ಇನ್‌ಸ್ಪೆಕ್ಟರ್ ಅವಳನ್ನು ಪಕ್ಕದ ಕೋಣೆಗೆ ಕರೆಸಿದ.

“ತಮಾಷೆ ಅನ್ನಿಸ್ತಾ?”

“ಇಲ್ಲ ಸರ್. ನಿಜ ಅಂತಾನೇ ಅನ್ನಿಸ್ತು.”

“ಮತ್ತೆ?”

“ಹಿಂದಿನ ವಾರ ಒಬ್ಬ ತಾಯಿ ಮಗನಿಗೆ ಬೈದಿದ್ದನ್ನ ವರದಿ ಮಾಡಿದ್ದೆ. ಠಾಣೆಯಿಂದ ಫೋನ್ ಬಂತು. ‘ಬೈಗುಳಕ್ಕೂ ಕೊಲೆಗೂ ವ್ಯತ್ಯಾಸ ತಿಳೀದ ಕತ್ತೇನ ಯಾರ್ರೀ ಕೂರ್ಸಿರೋದು’ ಅಂತ. ಮ್ಯಾನೇಜರ್ ಸ್ಪೀಕರ್ ಹಾಕಿ ಎಲ್ರಿಗೂ ಕೇಳಿಸಿದ್ರು. ಇನ್ನೊಂದು ಸಲ ಹೀಗಾದ್ರೆ ಕೆಲ್ಸ ಇಲ್ಲ ಅಂದ್ರು. ಗಂಡ ಹೆಂಡ್ತಿ ಜಗಳ, ಉಂಡು ಮಲಗೋ ತನಕ ಅಂತ ಮನಸ್ಸಿಗೆ ಹೇಳ್ಕೊಂಡೆ.”

“ಫೋನ್ ಮಾಡಿದ್ದು ಯಾರು?”

ಅವಳು ತಲೆಯೆತ್ತಿದಳು. “ನೀವೇ ಅಲ್ವಾ ಸರ್? ದನಿ ಗೊತ್ತಾಯ್ತು.”

4.40ಕ್ಕೆ ಅವಳ ಬಂಧನವಾಯಿತು. ಸಂದೇಶ ಮುಚ್ಚಿದ ಕಾರಣದ ಎದುರು ಇನ್‌ಸ್ಪೆಕ್ಟರ್ ‘ಕೆಲಸ ಹೋಗುವ ಭಯ’ ಎಂದಷ್ಟೇ ಬರೆದ. ಫೋನಿನ ವಿಷಯ ಬರೆಯಲಿಲ್ಲ.

ಠಾಣೆಯ ಬೆಂಚಿನ ಮೇಲೆ ಅಕ್ಕ ಇನ್ನೂ ಕೂತಿದ್ದಳು.

“ಯಾರ ತಪ್ಪು ಅಂತ ಗೊತ್ತಾಯ್ತಾ ಸರ್?”

“ಗೊತ್ತಾಯ್ತಮ್ಮ,” ಎಂದ. ಯಾರದೆಂದು ಹೇಳುವ ಎದೆಗಾರಿಕೆ ಅವನಿಗಿರಲಿಲ್ಲ.

ಅವಳು ಕೈ ಮುಗಿದಳು.