ಗಟ್ಟಿ ಬೀದಿಯ ಕೊನೆಯ ಮಾತು

ಹೆಂಗಸು ರೋಗಿಯ ಕುರ್ಚಿಯಲ್ಲಿ ಒರಗಿ ದೀಪದ ಕಡೆ ಮುಖ ಎತ್ತಿದ್ದಳು. ಬಾಯಿ ಮಾತ್ರ ತೆರೆಯಲೊಲ್ಲಳು. ಹಲ್ಲಿನ ಡಾಕ್ಟರು ಎರಡು ಸಲ "ಆ ಅನ್ನಿ" ಎಂದು ನೋಡಿದರು.

"ನನ್ನ ಹಲ್ಲೆಲ್ಲ ಚೆನ್ನಾಗೇ ಇದೆ ಸ್ವಾಮಿ," ಎಂದಳು ಕೊನೆಗೆ. "ಮಹಡಿ ಮೇಲಿರೋ ನಿಮ್ಮ ಅತ್ತಿಗೆಯವರನ್ನ ನೋಡ್ಬೇಕಿತ್ತು. ಸುಮ್ನೆ ಬಂದ್ರೆ ಬಿಡಲ್ಲ ಅಂದ್ರು, ಅದಕ್ಕೇ ಚೀಟಿ ತಗೊಂಡು ಕೂತೆ. ನನ್ನ ಮಗನ್ನ ಕೊಲೆಗಾರ ಅಂತ ಹಿಡ್ಕೊಂಡು ಹೋಗಿದಾರೆ. ಅವನನ್ನ ಬಿಟ್ರೆ ನಂಗೆ ಯಾರೂ ಇಲ್ಲ."

ಡಾಕ್ಟರು ದೀಪ ಆರಿಸಿ ಅವಳನ್ನು ಮಹಡಿಗೆ ಕರೆದೊಯ್ದರು. ಅವರ ಅತ್ತಿಗೆ, ಊರಿನವರ ಬಾಯಲ್ಲಿ ವಕೀಲಮ್ಮ, ಕೋರ್ಟು ಬಿಟ್ಟ ಮೇಲೂ ಅಡ್ಡಪ್ರಶ್ನೆ ಬಿಟ್ಟಿರಲಿಲ್ಲ. ಅಣ್ಣ ತೀರಿಹೋದ ಮೇಲೆ ಆಕೆಯ ನಾಲಿಗೆಗೆ ಸಿಕ್ಕಿಕೊಂಡವರು ಈ ಮೈದುನ ಒಬ್ಬರೇ. ಹತ್ತಾರು ಪ್ರಕರಣಗಳಲ್ಲಿ ಆಕೆಯ ಬೆನ್ನಿಗೆ ನಿಂತು ಕಾರು ಓಡಿಸಿದವರೂ ಇವರೇ.

ಹೆಂಗಸು ಇಸ್ತ್ರಿ ಅಂಗಡಿಯವಳು. ಒಬ್ಬನೇ ಮಗನನ್ನು ಬೀಗದ ಕಾರ್ಖಾನೆಯ ಗಟ್ಟಿ ಮನೆತನಕ್ಕೆ ಮನೆ ಅಳಿಯನಾಗಿ ಕೊಟ್ಟಿದ್ದಳು. ಊರಿನ ಆ ಭಾಗದಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಗಟ್ಟಿ. ಗಟ್ಟಿ ಬೀದಿ, ಗಟ್ಟಿ ಸೇತುವೆ, ಗಟ್ಟಿ ಹೆರಿಗೆ ಆಸ್ಪತ್ರೆ, ವರ್ಷವಿಡೀ ಸೋರುವ ಗಟ್ಟಿ ನೀರಿನ ಟ್ಯಾಂಕು. ಮುತ್ತಾತ ಮಾಡಿದ ಬೀಗ ಯಾವ ಕಳ್ಳನ ಕೈಗೂ ಬಗ್ಗಲಿಲ್ಲವೆಂದು ಜನ ಇಟ್ಟ ಅಡ್ಡಹೆಸರು, ಮಕ್ಕಳು ಮರಿಗಳ ಜೊತೆ ಬೆಳೆದು ಇಡೀ ಬೀದಿಯನ್ನು ನುಂಗಿತ್ತು. ಮನೆಮನೆಯೂ ಗಟ್ಟಿಯೇ ಆದ್ದರಿಂದ ಅಲ್ಲಿ ಯಾರನ್ನೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಒಬ್ಬ ಬೊಕ್ಕ, ಒಬ್ಬ ಸೊಟ್ಟಗಾಲ, ಒಬ್ಬಳು ಕಿರುಚಮ್ಮ.

"ನನ್ನ ಮಗನ್ನ ಮಾತ್ರ ಗಟ್ಟಿ ಅಂತಿದ್ರು," ಎಂದಳು ಇಸ್ತ್ರಿಯವಳು. "ಮದುವೆಗೆ ಅಪ್ಪನ ಹೆಸರು ತೆಗೆಸಿ ಇವರ ಹೆಸರು ಹಾಕಿಸ್ಕೋಬೇಕು ಅಂದ್ರು, ಹಾಕಿಸ್ಕೊಂಡ. ಅವತ್ತಿಂದ ಅವನ ಮಾವ, ಕಾರ್ಖಾನೆ ಯಜಮಾನರು, ಎಲ್ಲರ ಮುಂದೆ 'ಗಟ್ಟಿ, ಚಪ್ಪಲಿ ತಾ', 'ಗಟ್ಟಿ, ಬೆನ್ನು ತಿಕ್ಕು' ಅಂತ ಕೂಗೋರು. ಕೆಲಸದವರೆಲ್ಲ ನಗೋರು. ಈಗ ಯಜಮಾನರು ಸಾಯೋವಾಗ 'ಗಟ್ಟಿ' ಅಂದ್ರಂತೆ. ಅಷ್ಟೇ ಸಾಕಾಯ್ತು ಪೊಲೀಸರಿಗೆ."

"ಅಷ್ಟೇನಾ?" ಎಂದರು ವಕೀಲಮ್ಮ.

ಅಷ್ಟೇ ಅಲ್ಲ. ಹಿತ್ತಾಳೆ ಬೀಗಗಳನ್ನು ಆಸಿಡ್ಡಿನಲ್ಲಿ ಅದ್ದುವ ಕೋಣೆಗೆ ಕಿಟಕಿಯಿಲ್ಲ. ಹೊಗೆ ಎಳೆಯುವ ಫ್ಯಾನು ನಿಂತರೆ ಒಳಗಿದ್ದವರ ಕತೆ ಮುಗಿದಂತೆ. ರಜೆಯ ದಿನ ಯಜಮಾನರು ಒಬ್ಬರೇ ಅಲ್ಲಿ ಹೊಸ ಮಾದರಿಗಳನ್ನು ಅದ್ದುತ್ತಿದ್ದರು. ಆ ಕೆಲಸದಲ್ಲಿ ಯಾರನ್ನೂ ನಂಬುತ್ತಿರಲಿಲ್ಲ. ಆ ಮಧ್ಯಾಹ್ನ ಯಾರೋ ಫ್ಯಾನು ನಿಲ್ಲಿಸಿ, ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದಿದ್ದರು. ಬೀಗಕ್ಕೆ ಎರಡೇ ಕೀಲಿಕೈ. ಒಂದು ಸತ್ತವರ ಜೇಬಿನಲ್ಲಿ, ಇನ್ನೊಂದು ಅಳಿಯನ ಸೊಂಟದಲ್ಲಿ. ಅಳಿಯ ಮನೆಯಲ್ಲಿ ಮಲಗಿದ್ದೆ ಎನ್ನುತ್ತಿದ್ದ. ಕೊನೆಯ ಮಾತನ್ನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡವಳು ಯಜಮಾನರ ಒಬ್ಬಳೇ ಮಗಳು, ಅಂದರೆ ಅವನ ಹೆಂಡತಿ.

"ಹೆಂಡ್ತಿನೇ ಸಾಕ್ಷಿ ಹೇಳಿದ್ಮೇಲೆ ಇನ್ನೇನು ಉಳೀತು ಅತ್ತಿಗೆ?" ಎಂದರು ಡಾಕ್ಟರು, ಹೆಂಗಸು ಮೆಟ್ಟಿಲಿಳಿದ ಮೇಲೆ.

"ನಿಮಗೆ ಕಾಣೋದು ಬರೀ ಹುಳುಕು ಹಲ್ಲು. ಕಾರು ತೆಗೀರಿ," ಎಂದರು ವಕೀಲಮ್ಮ.

ಕಾರ್ಖಾನೆಯ ಗೇಟಿನಲ್ಲಿ ಮುದಿ ವಾಚ್‌ಮನ್ ಕಾರು ನಿಲ್ಲಿಸುವ ಜಾಗ ತೋರಿಸಿ, "ಗಟ್ಟಿ ಹಾಕ್ಬಿಡಿ ಸಾರ್," ಎಂದ. ಡಾಕ್ಟರು ಕಾರಿನ ಬಾಗಿಲನ್ನು ಮತ್ತೆ ತೆರೆದು ಇನ್ನಷ್ಟು ಜೋರಾಗಿ ಬಡಿದು ಹಾಕಿದರು. ಮುದುಕ ಬಾಯಿ ಮುಚ್ಚಿಕೊಂಡು ನಕ್ಕ. ವಕೀಲಮ್ಮ ನಗಲಿಲ್ಲ. ಮುದುಕನನ್ನು ಒಂದು ಗಳಿಗೆ ದಿಟ್ಟಿಸಿ, ಮೈದುನನನ್ನು ಮರುಕದಿಂದ ನೋಡಿ ಮುಂದೆ ನಡೆದರು.

ಆಸಿಡ್ ಕೋಣೆ ಅಂಗಳದ ಒಂದು ಮೂಲೆಯಲ್ಲಿತ್ತು, ಎದುರಿಗೇ ಯಜಮಾನರ ಮನೆ. ಗೇಟು ಕಾರ್ಖಾನೆಯ ಆ ತುದಿಯಲ್ಲಿ. ಬಾಗಿಲ ಒಳಮೈಯಲ್ಲಿ ಉಗುರಿನಿಂದ ಕೆರೆದ ಗೆರೆಗಳಿದ್ದವು.

"ಯಜಮಾನರ ಮಗಳು, ನಮ್ಮ ಅಮ್ಮಾವ್ರು, ಗೇಟಿಗೆ ಓಡಿ ಬಂದು 'ಸುತ್ತಿಗೆ ತಗೊಂಡು ಬಾ' ಅಂದ್ರು," ಎಂದ ವಾಚ್‌ಮನ್. "ಬಂದು ನೋಡಿದ್ರೆ ಬಾಗಿಲ ಸಂದೀಲಿ ಕಂದು ಹೊಗೆ. ಮೊದಲು ಫ್ಯಾನ್ ಹಾಕ್ದೆ, ಆಮೇಲೆ ಒಡೆದೆ. ಯಜಮಾನರು ಆಗ್ಲೇ ಹೋಗಿದ್ರು."

"ಸ್ವಿಚ್ ಎಲ್ಲಿ?"

ಬಾಗಿಲ ಚೌಕಟ್ಟಿನ ಪಕ್ಕದಲ್ಲೇ ಇತ್ತು. ಅವನು ಒತ್ತಿದೊಡನೆ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಅಬ್ಬರಿಸಿತು. ಡಾಕ್ಟರು ಅತ್ತಿಗೆಯ ಕಿವಿಯ ಬಳಿ ಏನೋ ಹೇಳಿದರು. ತಮ್ಮ ಮಾತು ತಮಗೇ ಕೇಳಿಸಲಿಲ್ಲ.

ಮಗಳು ಆಫೀಸಿನಲ್ಲಿ ಅಪ್ಪನ ಕುರ್ಚಿಯಲ್ಲಿ ಕೂತಿದ್ದಳು. ಅತ್ತ ಗುರುತೇನೂ ಇರಲಿಲ್ಲ. ಪಾಠ ಒಪ್ಪಿಸುವಂತೆ ಹೇಳಿದಳು:

"ಫ್ಯಾನಿನ ಸದ್ದು ನಿಂತಿದ್ದು ಗೊತ್ತಾಗಿ ಬಂದೆ. ಬಾಗಿಲಿಗೆ ಬೀಗ ಹಾಕಿತ್ತು. ಒಳಗಿಂದ ಅಪ್ಪ ಕ್ಷೀಣವಾಗಿ 'ಗಟ್ಟಿ, ಗಟ್ಟಿ' ಅಂತಿದ್ರು. ಬೀಗ ಒಡೆಸೋಕೆ ವಾಚ್‌ಮನ್ ಹತ್ರ ಓಡಿದೆ."

"ಗಂಡನ್ನ ಎಬ್ಬಿಸಬಹುದಿತ್ತಲ್ಲ ತಾಯಿ. ಅಂಗಳ ದಾಟಿದ್ರೆ ಕೀಲಿಕೈ."

"ಗಾಬರಿ. ಅಪ್ಪ ಅವರ ಹೆಸರೇ ಹೇಳ್ತಿದ್ರಲ್ಲ."

ಹೊರಡುವಾಗ ವಕೀಲಮ್ಮ ವಾಚ್‌ಮನ್‌ನನ್ನು ಕೇಳಿದ್ದು ಒಂದೇ ಮಾತು: ಯಜಮಾನರು ಇತ್ತೀಚೆಗೆ ಯಾರ ಮೇಲಾದರೂ ರೇಗಿದ್ದರೇ?

"ರೇಗೋದು ದಿನಾ ಇದ್ದಿದ್ದೇ," ಎಂದ ಮುದುಕ. "ಆದ್ರೆ ಹಿಂದಿನ ದಿನ ಕೆಲಸದವರನ್ನೆಲ್ಲ ಸೇರಿಸಿ, 'ನನ್ನ ನಂತರ ಎಲ್ಲ ಅಳಿಯನದು, ಕಾಗದ ಪತ್ರ ಆಗಿದೆ' ಅಂದ್ರು. ಅಮ್ಮಾವ್ರೂ ಅಲ್ಲೇ ನಿಂತಿದ್ರು. 'ಹೆಣ್ಣಿನ ಕೈಲಿ ಹೆಸರು ಉಳಿಯುತ್ತೇನೋ? ಅದಕ್ಕೇ ಒಬ್ಬ ಗಂಡಸನ್ನ ತಂದು ಸಾಕಿದೀನಿ' ಅಂದ್ರು. ಎಲ್ಲ ನಕ್ವಿ. ನಾನೂ ನಕ್ಕೆ."

ಮಾರನೆಯ ದಿನ ವಕೀಲಮ್ಮನ ಕೋರಿಕೆಯಂತೆ ಎಲ್ಲರೂ ಆಫೀಸಿನಲ್ಲಿ ಸೇರಿದರು. ಇನ್‌ಸ್ಪೆಕ್ಟರು ಗಂಟುಮುಖ ಹಾಕಿಕೊಂಡು ಬಂದರು, ಜೊತೆಗೆ ಅಳಿಯ, ಕೈಗೆ ಬೇಡಿ, ಕೆನ್ನೆ ಊದಿತ್ತು. ತಾಯಿ ಅವನ ಬಳಿ ಹೋದಳು. ಅವನು ಅವಳನ್ನು ನೋಡದೆ, ಕಿಟಕಿಯಾಚೆ ನಿಂತುಹೋಗಿದ್ದ ಯಂತ್ರಗಳನ್ನು ನೋಡಿದ.

"ಬೇಗ ಮುಗಿಸಿ ಮೇಡಂ," ಎಂದರು ಇನ್‌ಸ್ಪೆಕ್ಟರು.

"ಆ ಬಾಗಿಲಿಗೆ ಹಾಕಿದ್ದಂಥದ್ದೇ ಬೀಗ ಒಂದು ಬೇಕಿತ್ತು, ತೋರಿಸ್ತಾ ಹೇಳೋಣ ಅಂತ," ಎಂದರು ವಕೀಲಮ್ಮ, ಗೋಡೆಯ ಬೀರುವಿನ ಕಡೆ ಕೈ ಮಾಡಿ. "ಇದರಲ್ಲಿದೆ ಅಲ್ವಾ ತಾಯಿ?"

ಮಗಳು ಕೀಲಿಕೈ ಗೊಂಚಲನ್ನು ವಾಚ್‌ಮನ್ ಕಡೆ ಎಸೆದು, "ಗಟ್ಟಿ ತೆಗಿಯೋ, ಬೇಗ," ಎಂದಳು.

ಮುದುಕ ನೇರ ಬೀರುವಿಗೆ ಹೋಗಿ ಬೀಗ ತೆಗೆದ. ಅಳಿಯ ಕತ್ತು ಕೂಡ ತಿರುಗಿಸಲಿಲ್ಲ.

"ನೋಡಿದ್ರಾ ಇನ್‌ಸ್ಪೆಕ್ಟರೇ?" ಎಂದರು ವಕೀಲಮ್ಮ. "ಈಗ ಈಕೆ 'ಗಟ್ಟಿ' ಅಂದ್ರು. ಯಾರನ್ನ ಕರೆದ್ರು?"

ಇನ್‌ಸ್ಪೆಕ್ಟರು ಬೀರುವನ್ನು ನೋಡಿ, ಅಳಿಯನನ್ನು ನೋಡಿದರು. ಡಾಕ್ಟರಿಗೆ ತಾವು ಬಡಿದ ಕಾರಿನ ಬಾಗಿಲು ನೆನಪಾಗಿ ಕಿವಿ ಬಿಸಿಯಾಯಿತು.

"ಈ ಬೀದೀಲಿ ಬೀಗಕ್ಕೆ ಬೀಗ ಅನ್ನೋರೇ ಇಲ್ಲ. ಮಾಡೋದೂ ಗಟ್ಟಿ, ಮಾರೋದೂ ಗಟ್ಟಿ, ಬಾಗಿಲಿಗೆ ಹಾಕೋದೂ ಗಟ್ಟಿ. ನಿನ್ನೆ ವಾಚ್‌ಮನ್ ಕಾರಿಗೆ ಗಟ್ಟಿ ಹಾಕಿ ಅಂದ. ನಮ್ಮ ಡಾಕ್ಟ್ರು ಬಾಗಿಲನ್ನೇ ಮುರಿಯೋಕೆ ಹೋದ್ರು. ಉಸಿರು ಕಟ್ಟಿ ಸಾಯ್ತಿರೋ ಮುದುಕ ಮುಚ್ಚಿದ ಬಾಗಿಲ ಹಿಂದೆ ಕೊಲೆಗಾರನ ಹೆಸರು ಹೇಳ್ತಾನಾ? ಹೊರಗೆ ಯಾರೋ ಇದಾರೆ ಅಂತ ಗೊತ್ತಾಗಿ ಬೇಡ್ಕೋತಾನೆ. ಬೀಗ ತೆಗೀರಿ ಅಂತ."

"ಇವನೂ ಸ್ಟೇಷನ್ನಲ್ಲಿ ಇದನ್ನೇ ಬಡ್ಕೊಂಡ," ಎಂದರು ಇನ್‌ಸ್ಪೆಕ್ಟರು ಮೆಲ್ಲಗೆ. "ನೆಪ ಅಂದ್ಕೊಂಡು ನಾಲ್ಕು ಬಾರಿಸಿದೆ."

"ನೀವು ಹೊರಗಿನವರು, ನಿಮಗೆ ತಿಳೀಲಿಲ್ಲ. ಈಕೆ ಇಲ್ಲೇ ಹುಟ್ಟಿದವರು. ಆದ್ರೂ ನಿಮ್ಮ ಮುಂದೆ, ನನ್ನ ಮುಂದೆ, ಹುಡುಕಿ ಹುಡುಕಿ 'ಬೀಗ' ಅಂದ್ರು. ಇಡೀ ಬೀದೀಲಿ ಆ ಮಾತು ಆಡಿದವರು ಇವರೊಬ್ಬರೇ. ಗಟ್ಟಿ ಅನ್ನೋದಕ್ಕೆ ಎರಡನೇ ಅರ್ಥ ಇದೆ ಅಂತ ನಮಗೆ ತಿಳೀಬಾರದಿತ್ತು."

"ಬೀಗ ಹಾಕಿದವನ ಹತ್ರ ಕೀಲಿಕೈ ಇರಬೇಕಲ್ಲ," ಎಂದಳು ಮಗಳು. ದನಿ ಇನ್ನೂ ನಡುಗಿರಲಿಲ್ಲ.

ವಕೀಲಮ್ಮ ಬೀರುವಿನಿಂದ ತೆಗೆಸಿದ ಬೀಗದ ಕೊಂಡಿಯನ್ನು ಅಂಗೈಯಿಂದ ಒತ್ತಿದರು. ಟಕ್ಕೆಂದು ಕೂತಿತು. "ಹಾಕೋಕೆ ಕೀಲಿಕೈ ಯಾಕೆ? ತೆಗೆಯೋಕೆ ಬೇಕು. ಅದು ಎದುರು ಮನೇಲಿ ಮಲಗಿದ್ದ ಗಂಡನ ಸೊಂಟದಲ್ಲಿತ್ತು. ನೀವು ಅದನ್ನ ಬಿಟ್ಟು ದೂರದ ಗೇಟಿಗೆ ಹೋದ್ರಿ. ಅದೂ ಹೋಗಲಿ ಅನ್ನೋಣ, ಗಾಬರಿ. ಫ್ಯಾನ್ ಓಡ್ತಿದ್ರೆ ಆ ಬಾಗಿಲಲ್ಲಿ ಕಿರುಚಿದ್ರೂ ಕೇಳಲ್ಲ. ನಿಮಗೆ ಕ್ಷೀಣವಾದ ದನಿ ಕೇಳಿಸಿತು. ಅಂದ್ರೆ ಫ್ಯಾನ್ ನಿಂತಿತ್ತು, ಸದ್ದು ನಿಂತಿದ್ದಕ್ಕೇ ಬಂದೆ ಅಂತ ನೀವೇ ಅಂದ್ರಿ. ಸ್ವಿಚ್ ನಿಮ್ಮ ಭುಜದ ಹತ್ರ. ಅದನ್ನ ಒತ್ತಿದವನು ವಾಚ್‌ಮನ್. ಅಪ್ಪ ಉಸಿರಿಗೆ ಒದ್ದಾಡ್ತಿರೋದನ್ನ ಕೇಳ್ತಾ ನಿಂತ ಮಗಳು ಯಾಕೆ ಒತ್ತಲಿಲ್ಲ?"

ಮಗಳು ಅಪ್ಪನ ಕುರ್ಚಿಯ ಕೈಗಳನ್ನು ಸವರಿದಳು. ಆಮೇಲೆ ನಕ್ಕಳು. ಡಾಕ್ಟರು ಎಷ್ಟೋ ಜನರ ನಗು ನೋಡಿದ್ದರು, ಅಂಥದ್ದನ್ನು ನೋಡಿರಲಿಲ್ಲ.

"ಅಪ್ಪ ಬರೀ 'ಗಟ್ಟಿ' ಅನ್ನಲಿಲ್ಲ. 'ಗಟ್ಟಿ ತೆಗಿ ಮಗಳೇ' ಅಂದ್ರು. ನನ್ನ ಹೆಜ್ಜೆ ಸದ್ದು ಗೊತ್ತಿತ್ತು ಅವರಿಗೆ. 'ಯಾವ ಗಟ್ಟಿ ಅಪ್ಪಾ? ನಿಮ್ಮ ಗಟ್ಟಿ ಮನೇಲಿ ಮಲಗಿದಾನೆ, ಅವನನ್ನ ಕರೀರಿ' ಅಂದೆ. ಆ ಹೆಸರಲ್ಲಿ ಹುಟ್ಟಿದವಳು ನಾನು. ಹನ್ನೆರಡನೇ ವಯಸ್ಸಿಗೇ ಸ್ಪ್ರಿಂಗ್ ಕೂರಿಸೋಕೆ ಕಲಿತವಳು. ಆ ಹೆಸರನ್ನ ಬೀದೀಲಿ ಸಿಕ್ಕಿದವನಿಗೆ ಹಾಕಿ, ಅವನಿಗೆ ನನ್ನನ್ನ ಕೊಟ್ರು, ಕಾರ್ಖಾನೆನೂ ಕೊಟ್ರು. ಕೊಂದವನಿಗೆ ಆಸ್ತಿ ಸಿಗಲ್ಲ. ಅಪ್ಪ, ಗಂಡ ಇಬ್ಬರಿಂದಲೂ ಒಟ್ಟಿಗೆ ಕೈ ತೊಳ್ಕೋಬೇಕಿತ್ತು." ಗಂಡನ ಕಡೆ ತಿರುಗಿದಳು. "ನಿನ್ನ ಮೇಲೆ ಸಿಟ್ಟಿಲ್ಲ ಕಣೋ. ಚಪ್ಪಲಿ ಮೇಲೆ ಯಾರು ಸಿಟ್ಟಾಗ್ತಾರೆ?"

ಇನ್‌ಸ್ಪೆಕ್ಟರು ಅಳಿಯನ ಬೇಡಿ ಬಿಚ್ಚಿ ಅದನ್ನೇ ಅವಳ ಕೈಗೆ ಹಾಕಿದರು. ಅವಳು ತಲೆ ಎತ್ತಿಕೊಂಡೇ ಜೀಪು ಹತ್ತಿದಳು.

ಇಸ್ತ್ರಿಯವಳು ಈಗ ಮಾತ್ರ ಅತ್ತಳು. ಮಗನ ಮಣಿಕಟ್ಟನ್ನು ಸೆರಗಿನಿಂದ ಒರೆಸುತ್ತ, "ಬಾ ಮಗನೇ, ಮನೆಗೆ ಹೋಗೋಣ. ನಿಮ್ಮಪ್ಪನ ಹೆಸರು ಮತ್ತೆ ಹಾಕಿಸ್ಕೋ. ಗಂಜಿ ಕುಡಿದ್ರೂ ಚಿಂತೆಯಿಲ್ಲ," ಎಂದಳು.

ಅವನು ಕೈ ಬಿಡಿಸಿಕೊಂಡ. "ಕಾಗದ ಪತ್ರ ಆಗಿರೋದು ಈ ಹೆಸರಿಗೆ. ಈಗ ಬದಲಾಯಿಸಿದ್ರೆ ಕೈ ಬಿಟ್ಟು ಹೋಗುತ್ತೆ," ಎಂದ. ಅವಳನ್ನು ದಾಟಿ ಹೋಗಿ ಖಾಲಿಯಾದ ಕುರ್ಚಿಯಲ್ಲಿ ಕೂತ. ಮೊದಲು ಅಂಚಿನಲ್ಲಿ, ಆಮೇಲೆ ಪೂರ್ತಿ ಒರಗಿ. ವಾಚ್‌ಮನ್‌ನನ್ನು ಹತ್ತಿರ ಕರೆದು ಏನೋ ಹೇಳಿದ.

ವಕೀಲಮ್ಮ ಹೆಂಗಸಿನ ತೋಳು ಹಿಡಿದು ಹೊರಗೆ ಕರೆತಂದರು. ಡಾಕ್ಟರು ಕಾರಿನ ಹಿಂದಿನ ಬಾಗಿಲು ತೆರೆಯುವಷ್ಟರಲ್ಲಿ ವಾಚ್‌ಮನ್ ಏದುಸಿರು ಬಿಡುತ್ತ ಬಂದ. ಇಸ್ತ್ರಿಯವಳ ಮುಖ ಅರಳಿತು. ಮಗ ಮನಸ್ಸು ಬದಲಾಯಿಸಿರಬೇಕು.

ಮುದುಕ ಅವಳ ಮುಖ ನೋಡಲಾರದೆ ನೆಲ ನೋಡಿದ.

"ಇನ್ಮೇಲೆ ಒಳಗೆ ಬರೋ ಹಾಗಿದ್ರೆ ಮೊದಲೇ ಕೇಳ್ಕೊಂಡು ಬರಬೇಕಂತಮ್ಮಾ. ಗಟ್ಟಿಯವರು ಹೇಳಿದಾರೆ."