ನೆವ್ರಿಯ ಅಂಚು

“ಅಂಚು ತಿನ್ನಬೇಡ ಗ್ರೆಟ್ಟಾ! ದೊರೆಯ ಮರಿಮಗಳು ನೀನು, ನೆನಪಿರಲಿ!”

೧೯೮೮ರ ಕ್ರಿಸ್ಮಸ್ ಹತ್ತಿರವಾಗಿತ್ತು. ಗಲ್ಫಿನ ಅಲ್ ಖುವೈರಿನ ಪುಟ್ಟ ಫ್ಲ್ಯಾಟಿನ ಅಡುಗೆಮನೆಯಲ್ಲಿ ನೆವ್ರಿ ಕರಿಯುತ್ತಿದ್ದ ಆಲ್ಬಿನಾಬಾಯಿ ಮಗಳ ಕೈಯಿಂದ ಉಳಿದ ತುಂಡನ್ನು ಕಸಿದೇಬಿಟ್ಟರು. ನೆವ್ರಿ ಎಂದರೆ ನಮ್ಮ ಕರ್ಜಿಕಾಯಿಯೇ. ಹೂರಣವಿರುವಷ್ಟು ತಿಂದು, ಬೆರಳಲ್ಲಿ ಹಿಡಿದ ಅಂಚನ್ನು ತಟ್ಟೆಯಲ್ಲಿ ಬಿಡುವುದು ಆ ಮನೆಯ ಪದ್ಧತಿ. ಆಲ್ಬಿನಾಬಾಯಿಯ ಅಜ್ಜ ಟಾಮ್ ಹಾಗೇ ತಿನ್ನುತ್ತಿದ್ದರು. ಇಂಗ್ಲೆಂಡಿನಿಂದ ಕೋಲಾರದ ಚಿನ್ನದ ಗಣಿಗೆ ಬಂದು, ಮಂಗಳೂರಿನ ಹುಡುಗಿಯನ್ನು ಮದುವೆಯಾಗಿ, ಕೊನೆಗೆ ಅವಳ ಊರಿನಲ್ಲೇ ನೆಲೆಸಿದವರು. ಗಣಿಯಲ್ಲಿ ಅವರದು ದೊಡ್ಡ ಹುದ್ದೆ ಎಂದು ಮನೆಯವರೆಲ್ಲ ನಂಬಿದ್ದರು. ಹೊಟ್ಟೆ ತುಂಬಿದ ದೊರೆಗಳು ಮಾತ್ರ ತಿಂಡಿ ಬಿಡುತ್ತಾರೆ ಎಂಬುದು ಆಲ್ಬಿನಾಬಾಯಿಯ ಲೆಕ್ಕ. ಬಂದವರು ಅಂಚನ್ನೂ ತಿಂದರೆ ಮುಗಿಯಿತು, ಅವರ ಯೋಗ್ಯತೆ ಈಕೆಗೆ ಗೊತ್ತಾದ ಹಾಗೆ!

ಪಾಪದ ಮ್ಯಾಥ್ಯೂ ಕಳೆದ ಶುಕ್ರವಾರ ಗ್ರೆಟ್ಟಾಳನ್ನು ಕೇಳಲು ಬಂದವನು, ರುಚಿಯಾಗಿದೆ ಎಂದು ಅಂಚನ್ನೂ ತಿಂದಿದ್ದ. ಮೇಲಾಗಿ ಅವನು ರುಸೈಲಿನ ಫ್ಯಾಕ್ಟರಿಯಲ್ಲಿ ಮೆಶಿನ್ ರಿಪೇರಿ ಮಾಡುವವನು.

“ಗ್ರೀಸು ಕೈಯವನಿಗೆ ಮಗಳನ್ನು ಕೊಡುವುದಾ? ಹಾಗಾದ್ರೆ ನನ್ನ ಅಜ್ಜನ ಫೋಟೊ ಗೋಡೆಯಿಂದ ಇಳಿಸಿಬಿಡಿ!” ಎಂದು ಆಕೆ ಗಂಡನ ಮೇಲೆ ಹರಿಹಾಯ್ದರು.

“ಅಜ್ಜನನ್ನೇ ಒಂದು ಮಾತು ಕೇಳುವ ಅಂದ್ರೆ ಅವರಿಲ್ಲ ಅಲ್ವಾ ಮಾರಾಯ್ತಿ,” ಎಂದರು ಕ್ಯಾಸ್ಮಿರ್.

“ಮಮ್ಮಿ, ಅವನನ್ನು ಬಿಟ್ಟು ನನಗೆ ಬೇರೆ ಮದುವೆಯೇ ಬೇಡ…” ಎಂದಳು ಗ್ರೆಟ್ಟಾ.

“ಬೇಡವಾ? ಹೀಗೇ ಕೂತಿರು!”

ಕ್ರಿಸ್ಮಸ್ ದಿನ ಕ್ಯಾಸ್ಮಿರರ ಮ್ಯಾನೇಜರನ ಹೆಂಡತಿ ಏಂಜೆಲಾ ಚಹಾಕ್ಕೆ ಬಂದಳು. ಅಪ್ಪಟ ಇಂಗ್ಲಿಷಿನವಳು. ನೆವ್ರಿ ತಿಂದಳು, ಅಂಚನ್ನು ತಟ್ಟೆಯಲ್ಲಿಟ್ಟಳು! ಆಲ್ಬಿನಾಬಾಯಿಯ ಮುಖ ಅರಳಿತು. ಗೋಡೆಯ ಮೇಲೆ ಸೂಟು ತೊಟ್ಟು ನಿಂತಿದ್ದ ಅಜ್ಜನನ್ನು ತೋರಿಸಿ, “ನಮ್ಮ ಅಜ್ಜನೂ ಹೀಗೇ. ನಿಮ್ಮಲ್ಲಿ ದೊಡ್ಡ ಮನೆತನದವರೆಲ್ಲ ಹೀಗೆಯೇ ಅಲ್ಲವೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಏಂಜೆಲಾ ನಕ್ಕಳು. ಆಮೇಲೆ ಅವಳ ಕಣ್ಣು ಒದ್ದೆಯಾಯಿತು.

“ದೊಡ್ಡ ಮನೆತನವೇ? ನನ್ನ ಅಪ್ಪ ಕಾರ್ನ್‌ವಾಲಿನ ತವರದ ಗಣಿಯ ಕೂಲಿ. ಅಮ್ಮ ಮಾಂಸ ತುಂಬಿ ಇದೇ ಆಕಾರದ ತಿಂಡಿ ಕಟ್ಟಿಕೊಡುತ್ತಿದ್ದಳು. ಕೆಳಗೆ ಕೈ ತೊಳೆಯಲು ನೀರೆಲ್ಲಿ? ಬೆರಳಿಗೆಲ್ಲ ವಿಷದ ಧೂಳು. ಅದಕ್ಕೇ ಅಂಚು ಹಿಡಿದು ತಿಂದು, ಅದನ್ನು ಎಸೆಯುತ್ತಿದ್ದರು. ಅಪ್ಪನನ್ನು ನೋಡಿ ನನಗೂ ಅಭ್ಯಾಸವಾಯಿತು. ನಿಮ್ಮ ಅಜ್ಜ ನಮ್ಮ ಕಡೆಯವರೇ ಇರಬೇಕು… ನನ್ನ ಅಪ್ಪನಿಗೂ ಒಂದು ಸೂಟಿತ್ತು. ಚರ್ಚಿಗೆ, ಫೋಟೊಗೆ.”

ಅತಿಥಿ ಹೋದ ಮೇಲೂ ಆಲ್ಬಿನಾಬಾಯಿ ಫೋಟೊದ ಮುಂದೆ ಕೂತೇ ಇದ್ದರು. ಅಜ್ಜನ ಮಡಿಲಲ್ಲಿ ಕುಳಿತಾಗ ಬೆನ್ನಿಗೆ ತಾಕುತ್ತಿದ್ದ ಆ ಕೆಮ್ಮು… ಚುರುಟಿನದು ಎನ್ನುತ್ತಿದ್ದರು ಎಲ್ಲರೂ. ಅಜ್ಜ ಎಂದೂ ದೀಪ ಆರಿಸಿ ಮಲಗಿದವರಲ್ಲ. ದೊರೆಗಳಿಗೆ ಎಣ್ಣೆಗೇನು ಬರ ಎನ್ನುತ್ತಿದ್ದಳು ಅಜ್ಜಿ. ಅಯ್ಯೋ ದೇವರೇ! ಹರೆಯವನ್ನೆಲ್ಲ ನೆಲದಡಿಯ ಕತ್ತಲಲ್ಲಿ ಕಳೆದ ಜೀವಕ್ಕೆ ಕತ್ತಲೆಂದರೆ ಹೆದರಿಕೆಯಾಗಿತ್ತೇ? ಮೊಮ್ಮಗಳಿಗೂ ಹೇಳಿಕೊಳ್ಳಲಿಲ್ಲವಲ್ಲ… ಆಲ್ಬಿನಾಬಾಯಿ ಸೆರಗು ಬಾಯಿಗೊತ್ತಿ ಬಿಕ್ಕಿದರು.

ಕ್ಯಾಸ್ಮಿರ್ ಮೆಲ್ಲಗೆ ಹೆಗಲು ಮುಟ್ಟಿ, “ಫೋಟೊ ಇಳಿಸಬೇಕಾ?” ಎಂದರು.

“ಮುಟ್ಟಿದ್ರೆ ನೋಡಿ! ಮ್ಯಾಥ್ಯೂವಿಗೆ ಫೋನ್ ಮಾಡಿ, ಈಗಲೇ ಬರಲಿ.”

ಹಬ್ಬದ ದಿನವೂ ಡ್ಯೂಟಿಯಲ್ಲಿದ್ದ ಮ್ಯಾಥ್ಯೂ ಸಂಜೆ ಫ್ಯಾಕ್ಟರಿಯಿಂದ ನೇರವಾಗಿ ಬಂದ. ಒಳಗೆ ಕಾಲಿಡಲು ಹೆದರಿ ಬಾಗಿಲಲ್ಲೇ ನಿಂತ. ಗ್ರೆಟ್ಟಾ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಆಲ್ಬಿನಾಬಾಯಿ ನೆವ್ರಿಯ ತಟ್ಟೆ ಹಿಡಿದು ಅವನೆದುರು ಬಂದರು.

“ಆಂಟಿ, ಕೈ ತೊಳೆದು ಬರ್ತೇನೆ. ಪೂರಾ ಆಯಿಲ್ ಉಂಟು…”

“ಬೇಡ ಮಗಾ. ಅಂಚಲ್ಲಿ ಹಿಡ್ಕೊ. ಉಳಿದದ್ದು ತಿನ್ನು, ಅಂಚು ಬಿಡು. ನಮ್ಮ ಅಜ್ಜ ಕಲಿಸಿದ್ದು ಅದನ್ನೇ… ನಮಗೆ ಗೊತ್ತಾಗಲಿಲ್ಲ, ಅಷ್ಟೇ.”

ಅವನು ತಿಂದ. ಅವನ ಬೆರಳಿನ ಕಪ್ಪು ಮೂಡಿದ ಅಂಚನ್ನು ಆಲ್ಬಿನಾಬಾಯಿ ತಮ್ಮ ಕೈಗೆ ತೆಗೆದುಕೊಂಡು, ಅಜ್ಜನ ಫೋಟೊದ ಕೆಳಗೆ ಇಟ್ಟರು.